ಪಕ್ಕದ ಸೀಟಿನವರ ಜೊತೆ ನಾನು ಹೇಗೆ ಮಾತಾಡುತ್ತೇನೆ

"ಮನೆಗೆ ಹೋಗ್ತಿದ್ದೀರಾ, ಮನೆಯಿಂದ ಹೊರಟಿದ್ದೀರಾ?" ವಿಮಾನದಲ್ಲಿ ಪಕ್ಕ ಕೂತವರನ್ನು ನಾನು ಮೊದಲು ಕೇಳುವುದು ಇದನ್ನೇ. ಮಾತು ಬೇಡ ಅನ್ನುವವರು "ಮನೆಗೆ" ಎಂದು ಅಲ್ಲಿಗೇ ಮುಗಿಸಬಹುದು. ಮಾತಾಡುವ ಮನಸ್ಸಿದ್ದವರು ಅದನ್ನೇ ಹಿಡಿದು ಮುಂದೆ ಹೋಗುತ್ತಾರೆ. "ಏನು ಕೆಲಸ ಮಾಡ್ತೀರಿ" ಅಂತ ಮಾತ್ರ ಮೊದಲೇ ಕೇಳುವುದಿಲ್ಲ. ಜನ ಹುದ್ದೆ ಹೇಳಿ ಸುಮ್ಮನಾಗುತ್ತಾರೆ. ಕೆಲಸ ಕಳೆದುಕೊಂಡು ಕೂತವರಿಗೆ ಆ ಪ್ರಶ್ನೆ ಚುಚ್ಚಲೂಬಹುದು.

ಕೆಲಸದ ಮೇಲೆ ನಾನು ಆಗಾಗ ಒಬ್ಬನೇ ವಿಮಾನದಲ್ಲಿ ಓಡಾಡುತ್ತೇನೆ. ಹೀಗೆ ಸಿಕ್ಕವರಿಂದ ಕಲಿತದ್ದು ಬಹಳ. ಇದನ್ನು ಸುಮ್ನೆ ಹೊತ್ತು ಕಳೆಯುವ ಮಾತು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ಹತ್ತುವಾಗ ಮಾತಿಗೆ ಹೋಗುವುದಿಲ್ಲ. ಬ್ಯಾಗ್ ಎಲ್ಲಿಡೋದು, ಸೀಟು ಯಾವುದು ಅನ್ನೋ ಗಡಿಬಿಡಿಯಲ್ಲಿ ಎಲ್ಲರೂ ಇರುತ್ತಾರೆ. ಆಗ ಒಂದು ನಗು, ಬೇಕಾದರೆ ಬ್ಯಾಗ್ ಎತ್ತಿಡಲು ಒಂದು ಕೈ, ಅಷ್ಟು ಸಾಕು. ಸೀಟ್ ಬೆಲ್ಟ್ ಹಾಕಿ, ವಿಮಾನ ರನ್‌ವೇ ಕಡೆ ನಿಧಾನಕ್ಕೆ ಹೊರಟಾಗ ಜನ ಹಗುರಾಗುತ್ತಾರೆ. ಕೇಳುವುದು ಆಗ. ಸುರಕ್ಷತೆಯ ಸೂಚನೆ ಕೊಡುತ್ತಿದ್ದರೆ ಮಾತ್ರ ಬಾಯಿ ಮುಚ್ಚಿಕೊಂಡು ಅದನ್ನು ನೋಡುತ್ತೇನೆ. ದೂರದ ಪ್ರಯಾಣವಾದರೆ ನನ್ನ ಲೆಕ್ಕ ಬೇರೆ. ಇಳಿಯಲು ಗಂಟೆಯೋ ಒಂದೂವರೆ ಗಂಟೆಯೋ ಇದ್ದಾಗ ಶುರು ಮಾಡುತ್ತೇನೆ. ಮೊದಲ ಗಂಟೆಯಲ್ಲೇ ಶುರುವಾಗಿ ಮಾತು ಹೊಂದದೆ ಹೋದರೆ ಇಬ್ಬರಿಗೂ ಮುಂದಿನ ಹತ್ತು ಗಂಟೆ ಕಷ್ಟ, ಅಲ್ವಾ?

ಹೆಡ್‌ಫೋನ್ ಹಾಕಿದವರನ್ನು ತಟ್ಟಿ ಮಾತಾಡಿಸುವುದಿಲ್ಲ. ಸದ್ದು ತಗ್ಗಿಸುವ ಹೆಡ್‌ಫೋನಿನ ಯೋಚನೆ ಬೋಸ್ ಆಡಿಯೊ ಕಂಪನಿ ಕಟ್ಟಿದ ಅಮರ್ ಬೋಸ್ ಅವರಿಗೆ ಹೊಳೆದದ್ದೂ ವಿಮಾನದಲ್ಲೇ, 1978ರಲ್ಲಿ ಜ್ಯೂರಿಚ್‌ನಿಂದ ಬಾಸ್ಟನ್‌ಗೆ ಹೋಗುವಾಗ. ಸುಮ್ಮನೆ ಕೂರುವುದು ಕೂಡ ಟಿಕೆಟ್ ತೆಗೆದುಕೊಂಡವರ ಹಕ್ಕು. ಒಬ್ಬರೇ ಹೊರಟ ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಇನ್ನೂ ಜಾಸ್ತಿ ಎಚ್ಚರ ವಹಿಸುತ್ತೇನೆ. ಅವರಾಗಿ ಮಾತು ತೆಗೆದರೆ ಸರಿ, ಇಲ್ಲದಿದ್ದರೆ ನನ್ನ ಪುಸ್ತಕ ನನಗೆ. ಎದ್ದು ಹೋಗಲು ಜಾಗವಿಲ್ಲದ ಕಡೆ ಬಲವಂತದ ಮಾತು ನಿಜಕ್ಕೂ ಹಿಂಸೆ.

ಎರಡನೇ ಪ್ರಶ್ನೆ ನನ್ನ ತಲೆಯಿಂದ ಬರಬಾರದು, ಅವರ ಉತ್ತರದೊಳಗಿಂದಲೇ ಬರಬೇಕು. ಒಮ್ಮೆ ಒಬ್ಬರು "ಲಿಫ್ಟ್ ರಿಪೇರಿ ಮುಗಿಸಿ ಮನೆಗೆ ಹೊರಟೆ" ಅಂದರು. "ಲಿಫ್ಟಲ್ಲಿ ಜನ ಯಾವುದಕ್ಕೆ ಸುಮ್ನೆ ಹೆದರ್ತಾರೆ?" ಅಂತ ಕೇಳಿದೆ. ಆಮೇಲೆ ಅವರು ನಿಲ್ಲಿಸಲೇ ಇಲ್ಲ. ಹಗ್ಗ ಒಂದೇ ಇರುವುದಿಲ್ಲ, ಹಲವು ಇರುತ್ತವೆ. ಲಿಫ್ಟ್ ಅಳತೆ ಮೀರಿದ ವೇಗದಲ್ಲಿ ಇಳಿಯತೊಡಗಿದರೆ ಪಕ್ಕದ ಕಂಬಿಗಳನ್ನು ಕಚ್ಚಿ ಹಿಡಿಯುವ ಬ್ರೇಕ್ ಬೇರೆಯೇ ಇದೆ. ಹಗ್ಗದ ಇನ್ನೊಂದು ತುದಿಯಲ್ಲಿ ತೂಗುವ ಭಾರವು ಖಾಲಿ ಲಿಫ್ಟಿಗಿಂತ ಜಾಸ್ತಿ. ಹಾಗಾಗಿ ಖಾಲಿ ಲಿಫ್ಟ್ ಮೇಲೆ ಹೋಗುವಾಗ ಮೋಟಾರು ಎತ್ತುವುದಕ್ಕಿಂತ ತಡೆಯುವ ಕೆಲಸವನ್ನೇ ಹೆಚ್ಚು ಮಾಡುತ್ತದೆ! ಟಿಶ್ಯೂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ದಿನವೂ ಹತ್ತಿ ಇಳಿಯುವ ಪೆಟ್ಟಿಗೆಯ ಬಗ್ಗೆ ಅಲ್ಲಿವರೆಗೆ ನನಗೆ ಏನೂ ಗೊತ್ತಿರಲಿಲ್ಲ.

ಕೆಲವೊಮ್ಮೆ ಹೇಳುವ ಸರದಿ ನನ್ನದು. ಮೊದಲ ಸಲ ವಿಮಾನ ಹತ್ತಿದ ಒಬ್ಬ ಅಜ್ಜಿ ತೋಳುಗಂಬಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. "ಅಜ್ಜಿ, ಏನೇನು ಸದ್ದು ಬರುತ್ತೆ ಅಂತ ಮೊದಲೇ ಹೇಳಲಾ?" ಅಂದೆ. ತಲೆಯಾಡಿಸಿದರು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಲ ಕೆಳಗೆ ಧಡ್ ಅನ್ನುತ್ತೆ, ಅದು ಚಕ್ರ ಒಳಗೆ ಹೋದ ಸದ್ದು. ಆಮೇಲೆ ಎಂಜಿನ್ ಸದ್ದು ತಗ್ಗಿ ಕೆಳಗೆ ಇಳಿದ ಹಾಗೆ ಅನಿಸುತ್ತೆ, ಆದರೆ ವಿಮಾನ ಏರುತ್ತಲೇ ಇರುತ್ತೆ. ಕೊಯ್ಯ್ ಅನ್ನುವುದು ರೆಕ್ಕೆಯ ಹಿಂಬದಿಯ ಪಟ್ಟಿಗಳು ಒಳಗೆ ಸರಿಯುವುದು. ರೆಕ್ಕೆಯ ತುದಿ ಬಾಗಿ ಅಲುಗಾಡುತ್ತೆ, ಅದನ್ನು ಹಾಗೆ ಬಾಗುವಂತೆಯೇ ಮಾಡಿರುತ್ತಾರೆ. ಒಂದೊಂದು ಸದ್ದು ಬಂದಾಗಲೂ ಅಜ್ಜಿ "ಇದು ಚಕ್ರ ಅಲ್ವಾ ಮಗಾ?" ಅಂತ ಅವರೇ ಗುರುತಿಸತೊಡಗಿದರು. ಮೋಡ ದಾಟುವ ಹೊತ್ತಿಗೆ ತೋಳುಗಂಬಿ ಬಿಟ್ಟು, ತಾವು ಹೆರಿಗೆ ಮಾಡಿಸಿದ ಮಕ್ಕಳ ಕಥೆ ಶುರು ಮಾಡಿದ್ದರು.

ಗುರುತಿಲ್ಲದವರ ಮುಂದೆ ಜನ ಯಾಕಿಷ್ಟು ಮನಸ್ಸು ಬಿಚ್ಚುತ್ತಾರೆ? ಜರ್ಮನಿಯ ಸಮಾಜಶಾಸ್ತ್ರಜ್ಞ ಗಿಯಾರ್ಗ್ ಸಿಮ್ಮೆಲ್ 1908ರಲ್ಲೇ ಇದನ್ನು ಗಮನಿಸಿದ್ದರು. ಹತ್ತಿರದವರಿಗೂ ಹೇಳದ್ದನ್ನು ಜನ ಹೊರಗಿನಿಂದ ಬಂದವರಿಗೆ ಹೇಳಿಕೊಳ್ಳುತ್ತಾರೆ ಎಂದಿದ್ದರು. ವಿಮಾನದಲ್ಲಿ ಇದಕ್ಕೆ ಇನ್ನೆರಡು ಅನುಕೂಲಗಳಿವೆ ಅಂತ ನನ್ನ ಅನಿಸಿಕೆ. ಯಾವಾಗ ಇಳಿಯುತ್ತೇವೆ ಅನ್ನುವುದು ಇಬ್ಬರಿಗೂ ಗೊತ್ತು. ಅಕ್ಕಪಕ್ಕ ಕೂತದ್ದರಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಿಲ್ಲ. ಮುಂದಿನ ಸೀಟಿನ ಬೆನ್ನು ನೋಡುತ್ತಾ ಕಷ್ಟದ ಮಾತು ಹೇಳುವುದು ಸುಲಭ. ತಮ್ಮನ ಅಂತ್ಯಕ್ರಿಯೆ ಮುಗಿಸಿ ಬರುತ್ತಿದ್ದ ಒಬ್ಬರು ಹಾಗೇ ನನಗೆ ಎಲ್ಲವನ್ನೂ ಹೇಳಿದರು. ನಾನು ಸಲಹೆ ಕೊಡಲಿಲ್ಲ. "ನಿಮ್ಮ ತಮ್ಮ ಹೇಗಿದ್ದರು?" ಎಂದಷ್ಟೇ ಕೇಳಿದೆ. ಅವರಿಗೆ ಬೇಕಾಗಿದ್ದದ್ದು ಅದೇ ಇರಬೇಕು.

ಇಂಥ ಮಾತಿಗೆ ಸದ್ದು ದೊಡ್ಡ ತೊಡಕು. ಹಾರುವಾಗ ಒಳಗಿನ ಸದ್ದು ಸುಮಾರು 80 ಡೆಸಿಬಲ್ ಇರುತ್ತದೆ, ಅಂಥ ಕಡೆ ನಮಗೆ ಗೊತ್ತಿಲ್ಲದೇ ದನಿ ಏರುತ್ತದೆ. ಲೊಂಬಾರ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಬರೆದ ಈ ಗುಣಕ್ಕೆ ಅವರದೇ ಹೆಸರಿದೆ. ಮನೆಯ ಗುಟ್ಟನ್ನು ಹಿಂದಿನ ಸಾಲಿನವರು ಕೇಳಿಸಿಕೊಳ್ಳುವುದು ಬೇಡ. ಹಾಗಾಗಿ ನಾನು ಜೋರಾಗಿ ಮಾತಾಡದೆ ಸ್ವಲ್ಪ ಬಾಗಿ, ನಿಧಾನವಾಗಿ ಮಾತಾಡುತ್ತೇನೆ. ಅವರೂ ಹಾಗೇ ಮಾಡುತ್ತಾರೆ. ಸಾಧ್ಯವಾದರೆ ಎಂಜಿನ್‌ಗಿಂತ ಮುಂದಿನ ಸೀಟು ತೆಗೆದುಕೊಳ್ಳುತ್ತೇನೆ, ಅಲ್ಲಿ ಸದ್ದು ಕಡಿಮೆ.

ಅಂಜುವವರಿಗೆ ಒಂದು ಮಾತು. ಮನಶ್ಶಾಸ್ತ್ರಜ್ಞರಾದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನ ಶ್ರೋಡರ್ 2014ರಲ್ಲಿ ಶಿಕಾಗೋದ ರೈಲು, ಬಸ್ ಪ್ರಯಾಣಿಕರ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಗುರುತಿಲ್ಲದವರ ಜೊತೆ ಮಾತಾಡಿದವರಿಗೆ ಸುಮ್ಮನೆ ಕೂತವರಿಗಿಂತ ಪ್ರಯಾಣ ಹಿತವಾಗಿತ್ತು. ಹೇಗಿರಬಹುದು ಅಂತ ಊಹಿಸಲು ಹೇಳಿದಾಗ ಮಾತ್ರ ಜನ ಇದರ ಉಲ್ಟಾ ಹೇಳಿದ್ದರು. ಮಾತು ಮುಗಿದ ಮೇಲೆ "ನಾನು ಅವರಿಗೆ ಹಿಡಿಸಲಿಲ್ಲವೇನೋ" ಎಂಬ ಅನುಮಾನವೂ ಬಹಳ ಸಲ ಸುಳ್ಳು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಜನ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಅವರು ಎದುರಿನವರಿಗೆ ಹಿಡಿಸಿದ್ದರು.

ಮಾತು ಮುಗಿಸುವ ಹೊಣೆ ನನ್ನದೇ ಅಂತ ಇಟ್ಟುಕೊಂಡಿದ್ದೇನೆ, ಶುರು ಮಾಡಿದವನು ನಾನಲ್ಲವೇ. ಉತ್ತರ ಚಿಕ್ಕದಾದಾಗ, ಎರಡು ಸಲ ತಿರುಗಿ ಪ್ರಶ್ನೆ ಬಾರದಿದ್ದಾಗ, "ನಿಮ್ಮ ಜೊತೆ ಮಾತಾಡಿ ಖುಷಿಯಾಯ್ತು, ಸ್ವಲ್ಪ ಓದ್ತೀನಿ" ಎಂದು ಪುಸ್ತಕ ತೆರೆಯುತ್ತೇನೆ. ಹೆಸರು, ಫೋನ್ ನಂಬರ್ ನಾನಾಗಿ ಕೇಳುವುದಿಲ್ಲ. ಅವರು ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಇಳಿದ ಮೇಲೆ ಲಗೇಜ್ ಬೆಲ್ಟಿನ ಹತ್ತಿರ ಮತ್ತೆ ಎದುರಾದರೆ ತಲೆಯಾಡಿಸಿ ನಗುತ್ತೇನೆ, ಅವರ ಪಕ್ಕಕ್ಕೆ ಹೋಗಿ ನಿಲ್ಲುವುದಿಲ್ಲ. ಅಷ್ಟರಲ್ಲಿ ಅವರನ್ನು ಕರೆದೊಯ್ಯಲು ಬಂದವರ ಫೋನ್ ಬಂದಿರುತ್ತದೆ.