ಮುಚ್ಚಳದ ಮೇಲಿನ ನಂಬರು, ಡಯಲ್ ಮೇಲಿನ ಕಲೆ

ನಾನು ಮೊದಲು ಕೊಂಡ ಹಳೇ ವಾಚು ಕಿತ್ತಳೆ ಬಣ್ಣದ ಡಯಲ್‌ನದು. ಎಚ್‌ಎಂಟಿ ಪೈಲಟ್. ಆನ್‌ಲೈನ್‌ನಲ್ಲಿ 1,900 ರೂಪಾಯಿ. "ಅಪರೂಪದ ಡಯಲ್, ಸರ್ವಿಸ್ ಆಗಿದೆ" ಅಂತ ಬರೆದಿದ್ದರು. ಡಬ್ಬಿ ಬಿಚ್ಚಿದರೆ ಫಳಫಳ ಹೊಳೆಯುತ್ತಿತ್ತು. ಮರುದಿನವೇ ಕಟ್ಟಿಕೊಂಡು ಹೋಗಿ ಆಫೀಸಿನಲ್ಲಿ ನಾಲ್ಕು ಜನಕ್ಕೆ ತೋರಿಸಿ ಬಂದೆ.

ಹದಿನೈದೇ ದಿನಕ್ಕೆ ನಿಂತುಹೋಯಿತು. ಅವೆನ್ಯೂ ರಸ್ತೆಯ ಒಂದು ಗಲ್ಲಿಯಲ್ಲಿ ವಾಚು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಮುಂದೆ ಇಟ್ಟೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಅರ್ಧ ನಿಮಿಷ ನೋಡಿದರು.

"ಇದು ಬಾಂಬೆ ಪೇಂಟು ಸಾರ್. ಎಷ್ಟು ಕೊಟ್ರಿ?"

ಸಾವಿರ ಅಂದೆ. ನಾಚಿಕೆಗೆ ಸುಳ್ಳು ಹೇಳಿದ್ದು.

"ಜಾಸ್ತಿ ಆಯ್ತು" ಅಂದರು.

ಬಾಂಬೆ ಪೇಂಟು ಅಂದರೆ ಹಳೇ ಡಯಲ್ ಮೇಲೆ ಹೊಸದಾಗಿ ಬಣ್ಣ ಬಳಿದದ್ದು. ಆಮೇಲೆ ವಾಚು ಬಿಚ್ಚಿ ಒಂದೊಂದೇ ತೋರಿಸಿದರು. ಕಿತ್ತಳೆ ಬಣ್ಣದ ಅಡಿಯಲ್ಲಿ ಹಳೇ ಅಕ್ಷರಗಳ ನೆರಳು ಇನ್ನೂ ಇತ್ತು. ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂತಿರಲಿಲ್ಲ. ಡಯಲ್ ಹಿಂದೆ ಎರಡು ಸಣ್ಣ ಕಾಲುಗಳಿರುತ್ತವೆ, ಯಂತ್ರದ ತೂತಿನಲ್ಲಿ ಅವು ಕೂರಬೇಕು. ನನ್ನದರಲ್ಲಿ ಎರಡನ್ನೂ ಕತ್ತರಿಸಿ ಡಯಲ್ಲನ್ನು ಗೋಂದಿನಿಂದ ಅಂಟಿಸಿದ್ದರು. ಮುಳ್ಳುಗಳು ಬೇರೆ ಯಾವುದೋ ವಾಚಿನವು. ಸಂಗ್ರಹ ಮಾಡುವವರು ಇಂಥ ಬೆರಕೆ ವಾಚಿಗೆ 'ಮುಂಬೈ ಸ್ಪೆಷಲ್' ಅಂತಲೇ ಹೆಸರಿಟ್ಟಿದ್ದಾರೆ. "ನಿಮಗೆ ವಾಚು ಬೇಕಾ, ಬಣ್ಣ ಬೇಕಾ?" ಅಂತ ಆ ಹಿರಿಯರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಬುದ್ಧಿ ಬಂತು ಅಂದುಕೊಂಡಿರಾ? ಇಲ್ಲ. ಮುಂದಿನ ತಪ್ಪು ಇದಕ್ಕಿಂತ ದುಬಾರಿ.

ಹಳೇದರ ಸಹವಾಸವೇ ಬೇಡ, ಲಿಮಿಟೆಡ್ ಎಡಿಷನ್ ಕೊಂಡರೆ ಮೋಸ ಇರಲ್ಲ ಅಂತ ಲೆಕ್ಕ ಹಾಕಿದೆ. ಒಂದು ಸ್ವಿಸ್ ಕಂಪನಿಯ ಆಟೋಮ್ಯಾಟಿಕ್ ವಾಚು, ಮಾಡಿದ್ದು 500 ಮಾತ್ರ. ಹಿಂದಿನ ಮುಚ್ಚಳದ ಮೇಲೆ ನನ್ನ ವಾಚಿನ ನಂಬರು ಕೆತ್ತಿತ್ತು. ಒಂದೂವರೆ ಲಕ್ಷದ ಹತ್ತಿರ ಕೊಟ್ಟೆ. ಮನೆಯಲ್ಲಿ ಹೇಳಿದ್ದು ಅದರ ಅರ್ಧ.

ವಾಚೇನೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಒಳಗಿದ್ದ ಯಂತ್ರ ಸೆಲಿಟಾ ಅನ್ನೋ ಬೇರೆ ಕಂಪನಿಯ ಎಸ್‌ಡಬ್ಲ್ಯೂ 200. ಗಂಟೆಗೆ 28,800 ಬಡಿತದ ಗಟ್ಟಿ ಯಂತ್ರ, ಆದರೆ ಹತ್ತಾರು ಕಂಪನಿಗಳ ಮಾಮೂಲಿ ವಾಚುಗಳಲ್ಲೂ ಅದೇ ಇರುತ್ತದೆ. ಅದೇ ಕಂಪನಿಯ ಅದೇ ಮಾಡೆಲ್, ನಂಬರಿಲ್ಲದ್ದು, ಕಡಿಮೆ ಬೆಲೆಗೆ ಅಂಗಡಿಯಲ್ಲಿ ಕೂತಿತ್ತು. 500ಕ್ಕೆ ನಿಂತದ್ದು ಡಯಲ್‌ನ ಹಸಿರು ಬಣ್ಣ ಮಾತ್ರ. ಕಿತ್ತಳೆ ಪೈಲಟ್‌ನಲ್ಲಿ ಆದದ್ದೇ ಇಲ್ಲೂ ಆಗಿತ್ತು, ಬಣ್ಣಕ್ಕೆ ದುಡ್ಡು ಕೊಟ್ಟಿದ್ದೆ. ಈ ಸಲ ಕಾನೂನು ಪ್ರಕಾರ, ಬಿಲ್ ಸಮೇತ.

ಎಲ್ಲಾ ಲಿಮಿಟೆಡ್ ವಾಚೂ ಹೀಗೇ ಅಂತಲ್ಲ. ಸ್ವಿಟ್ಜರ್ಲೆಂಡಿನ ಫಿಲಿಪ್ ಡ್ಯುಫೂರ್ ಮಾಡಿದ 'ಸಿಂಪ್ಲಿಸಿಟಿ' ಇದೆ. 2000ದಲ್ಲಿ ಬಂದದ್ದು. ಇರುವುದು ಸುಮಾರು 200 ವಾಚು. ಒಂದೊಂದು ಭಾಗದ ಅಂಚನ್ನೂ ಕೈಯಲ್ಲೇ ತಿಕ್ಕಿ ಹೊಳಪು ಕೊಡುವ ಮನುಷ್ಯ, ಹೆಚ್ಚು ಮಾಡಲು ಆಗಲ್ಲ, ಅದಕ್ಕೇ ಕಡಿಮೆ. ನಮ್ಮಂಥವರು ಫೋಟೋ ನೋಡಿ ಖುಷಿಪಡಬೇಕು ಅಷ್ಟೆ. ಇನ್ನೊಂದು ಕಡೆ, 2017ರಲ್ಲಿ ಒಮೆಗಾ 'ಸ್ಪೀಡಿ ಟ್ಯೂಸ್‌ಡೇ' ಅಂತ 2,012 ಸ್ಪೀಡ್‌ಮಾಸ್ಟರ್ ವಾಚುಗಳನ್ನು ಇಂಟರ್‌ನೆಟ್ಟಿನಲ್ಲಿ ಬುಕಿಂಗಿಗೆ ಬಿಟ್ಟಿತು. ನಾಲ್ಕೂಕಾಲು ಗಂಟೆಯಲ್ಲಿ ಖಾಲಿ. ಅಲ್ಲಿ 2,012 ಅನ್ನೋದು ಕಂಪನಿ ತಾನೇ ಎಳೆದುಕೊಂಡ ಗೆರೆ. ಲಿಮಿಟೆಡ್ ಅಂದ ಕೂಡಲೇ ನಾನು ಈಗ ಕೇಳುವ ಮೊದಲ ಪ್ರಶ್ನೆ ಇದೇ: ಆಗಲಿಲ್ಲ ಅಂತ ನಿಲ್ಲಿಸಿದರಾ, ಸಾಕು ಅಂತ ನಿಲ್ಲಿಸಿದರಾ?

ನನ್ನ ಹಸಿರು ವಾಚನ್ನು ನಾನು ಕಟ್ಟಿದ್ದೇ ಕಡಿಮೆ. ಬಸ್ಸಿನ ಕಂಬಿಗೆ ತಾಗಿದರೆ? ಗೀರು ಬಿದ್ದರೆ? ಹದಿನಾಲ್ಕು ತಿಂಗಳು ಬೀರುವಿನಲ್ಲಿ ಮಲಗಿಸಿ, ಮೂವತ್ತು ಸಾವಿರ ನಷ್ಟಕ್ಕೆ ಮಾರಿದೆ. ಆ ದುಡ್ಡಲ್ಲಿ ಸ್ವಲ್ಪ ತೆಗೆದಿಟ್ಟು ಮತ್ತೆ ಎಚ್‌ಎಂಟಿಗೇ ಬಂದೆ.

ಎಚ್‌ಎಂಟಿಯಲ್ಲಿ ಲಿಮಿಟೆಡ್ ಅನ್ನೋ ಮಾತೇ ನಗು ತರಿಸುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ವಾಚು ಕಾರ್ಖಾನೆ ಅದು. ಆಮೇಲೆ ತುಮಕೂರಿನಲ್ಲೂ ಬಂತು. ಲಕ್ಷಗಟ್ಟಲೆ ಜನತಾ, ಪೈಲಟ್, ಸೋನಾ. ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು, ನಿವೃತ್ತಿಯಾದವರಿಗೆ ಹಾರದ ಜೊತೆ ಕೊಟ್ಟದ್ದು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವುದಾಗಿ ಹೇಳಿದ ಮೇಲೆ ಎಲ್ಲರಿಗೂ ಒಮ್ಮೆಲೇ ಪ್ರೀತಿ ಉಕ್ಕಿತು. ಬೆಲೆ ಏರಿತು. ಪೇಂಟಿನವರಿಗೂ ಕೈತುಂಬ ಕೆಲಸ. ಹಾಗಾಗಿ ಈಗ ಲಕ್ಷಗಟ್ಟಲೆ ವಾಚಿನ ನಡುವೆ ಯಾರೂ ಮುಟ್ಟದ ಡಯಲ್ ಸಿಗುವುದೇ ಕಷ್ಟ. ನಾನು ಹುಡುಕುವುದು ಅದನ್ನೇ.

ಕೊಳ್ಳುವಾಗ ಮೊದಲು ಕೇಳುವುದು ಮುಚ್ಚಳ ತೆಗೆದ ಫೋಟೋ. ಕೊಡಲ್ಲ ಅಂದರೆ ಅಲ್ಲಿಗೆ ಮುಗಿಯಿತು. ಕೈಗೆ ಸಿಕ್ಕಿದರೆ ಕೀ ಕೊಟ್ಟು ನೋಡುತ್ತೇನೆ, ತಿರುಗಿಸುವಾಗ ಮರಳು ಸಿಕ್ಕಿದ ಹಾಗೆ ಕರಕರ ಅನ್ನಬಾರದು. ಆಮೇಲೆ ಹತ್ತರಷ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್. ಫ್ಯಾಕ್ಟರಿ ಅಕ್ಷರದ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗಿರುತ್ತದೆ, ಪೇಂಟಿನದು ಇಂಕು ಹರಡಿದ ಹಾಗೆ. ತೀರಾ ಹೊಸದಾಗಿ ಕಂಡರೆ ಈಗ ನನಗೆ ಭಯವೇ ಆಗುತ್ತದೆ. ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿನಲ್ಲಿ ಅಸಲಿ ವಾಚುಗಳನ್ನು ಸಾಲಾಗಿ ಇಟ್ಟಿದ್ದಾರೆ. ಒಂದು ಭಾನುವಾರ ಹೋಗಿ ಕಣ್ಣು ಪಳಗಿಸಿಕೊಳ್ಳಿ, ಅರ್ಧ ಕೆಲಸ ಆದ ಹಾಗೆ.

ಒಮ್ಮೆ ನನ್ನ ಜನತಾ ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡತೊಡಗಿತು. ಆಗಷ್ಟೇ ಸರ್ವಿಸ್ ಆಗಿತ್ತು. ರಿಪೇರಿಯವರನ್ನು ಮನಸ್ಸಿನಲ್ಲೇ ಬೈದುಕೊಂಡು ಹೋದೆ. ಅವರು ದಿಕ್ಸೂಚಿಯೊಂದನ್ನು ವಾಚಿನ ಪಕ್ಕ ಇಟ್ಟರು. ಮುಳ್ಳು ಅಲುಗಾಡಿತು. "ರಾತ್ರಿ ಎಲ್ಲಿ ಇಡ್ತೀರಿ?" ಬ್ಲೂಟೂತ್ ಸ್ಪೀಕರಿನ ಮೇಲೆ ಇಡುತ್ತಿದ್ದೆ! ಕೂದಲಿನಷ್ಟು ತೆಳುವಾದ ಸುರುಳಿ ಸ್ಪ್ರಿಂಗಿಗೆ ಅಯಸ್ಕಾಂತ ಹತ್ತಿ, ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಸ್ಪ್ರಿಂಗ್ ಗಿಡ್ಡವಾದ ಹಾಗಾಯಿತಲ್ಲ, ಅದಕ್ಕೇ ಓಟ. ಪುಟ್ಟ ಡಬ್ಬಿಯಂಥ ಮೆಷಿನ್ನಿನ ಮೇಲೆ ಹಿಡಿದು, ಬಟನ್ ಒತ್ತಿ, ನಿಧಾನಕ್ಕೆ ದೂರ ಎತ್ತಿದರು. ಸರಿಹೋಯಿತು. ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ನನ್ನ ಬಳಿ ಹನ್ನೊಂದು ವಾಚಿವೆ. ಕೊನೆಯದು ಕಳೆದ ತಿಂಗಳು ಸಂಡೆ ಬಜಾರಿನಲ್ಲಿ ಸಿಕ್ಕ ಜನತಾ. ಹಳೇ ಚಾರ್ಜರ್, ಕನ್ನಡಕಗಳ ರಾಶಿಯ ನಡುವೆ ಬಿದ್ದಿತ್ತು. ಚೌಕಾಸಿ ಮಾಡಿ 700ಕ್ಕೆ ತಂದೆ. ಬಿಳಿ ಡಯಲ್ ಹಾಲು ಕೆನೆಗಟ್ಟಿದ ಬಣ್ಣಕ್ಕೆ ತಿರುಗಿದೆ. ಏಳರ ಹತ್ತಿರ ತೇವ ತಿಂದ ಕಂದು ಕಲೆ. ಮುಚ್ಚಳದ ಹಿಂದೆ ಯಾರೋ ಮೊಳೆಯಿಂದ ಗೀಚಿದ ಎರಡು ಅಕ್ಷರ.

ಅವೆನ್ಯೂ ರಸ್ತೆಗೆ ಒಯ್ದೆ. ಹಿರಿಯರು ಲೆನ್ಸ್ ಸಿಕ್ಕಿಸಿಕೊಂಡು ಈ ಸಲ ಜಾಸ್ತಿ ಹೊತ್ತು ನೋಡಿದರು.

"ಡಯಲ್ ಕ್ಲೀನ್ ಮಾಡ್ಲಾ ಸಾರ್?"

"ಬೇಡ. ಯಂತ್ರಕ್ಕೆ ಮಾತ್ರ ಎಣ್ಣೆ ಹಾಕಿ."

ಅವರು ನಕ್ಕರು. "ಎಷ್ಟು ಕೊಟ್ರಿ?"

ಈ ಸಲ ನಿಜ ಹೇಳಿದೆ.