ಹಳೆಯ ಲೆಸ್ ಪಾಲ್ ಹೆಗಲಿಗೇರಿಸುವ ಮುಂಚೆ

1970ರ ದಶಕದ ಗಿಬ್ಸನ್ ಲೆಸ್ ಪಾಲ್ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರು ಮೊದಲು ತೂಕ ನೋಡಿ. ಆ ಕಾಲದ ಎಷ್ಟೋ ಗಿಟಾರ್‌ಗಳು ನಾಲ್ಕೂವರೆ ಕಿಲೋ ದಾಟುತ್ತವೆ. ನಿಂತು ನುಡಿಸುವುದಾದರೆ ಮೂರು ಇಂಚು ಅಗಲದ ಚರ್ಮದ ಸ್ಟ್ರಾಪ್ ತಗೊಳ್ಳಿ. ತೆಳು ಪಟ್ಟಿ ಭುಜ ಕೊರೆಯುತ್ತದೆ. ಸ್ಟ್ರಾಪ್ ಕಳಚದಂತೆ ಹಿಡಿಯುವ ಸ್ಟ್ರಾಪ್ ಲಾಕ್ ಹಾಕಿಸಿದರೆ, ಸ್ಟ್ರಾಪ್ ಸಿಕ್ಕಿಸುವ ಮೂಲ ಬಟನ್, ಸ್ಕ್ರೂ ಎತ್ತಿಡಿ, ಮಾರುವಾಗ ಬೇಕಾಗುತ್ತವೆ.

ನನಗೆ ಜಾಸ್ತಿ ಚಿಂತೆ ತಂತಿ ಬಿಗಿಯುವ ಕೀಲಿಗಳಿರುವ ತಲೆಭಾಗ, ಅಂದರೆ ಹೆಡ್‌ಸ್ಟಾಕ್‌ನದ್ದೇ. ಅದು ಹಿಂದಕ್ಕೆ ಬಾಗಿರುತ್ತದೆ, ಗಿಟಾರ್ ಬೇರೆ ಭಾರ. ಬಿದ್ದರೆ ನಟ್ (ತಲೆಭಾಗ ಶುರುವಾಗುವಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಹಿಂಭಾಗದಲ್ಲೇ ಮುರಿಯುತ್ತದೆ. ಹಾಗಾಗಿ ಸುಮ್ನೆ ಗೋಡೆಗೆ ಒರಗಿಸಿ ಇಡಲೇಬೇಡಿ. ಕೊಳ್ಳುವಾಗಲೂ ಅಲ್ಲಿ ಕೂದಲೆಳೆಯಷ್ಟು ಬಿರುಕು ಅಥವಾ ಅಂಟು ಹಾಕಿದ ಗುರುತು ಇದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಸ್ಟ್ಯಾಂಡಿನ ರಬ್ಬರ್‌ಗೆ ಹತ್ತಿ ಬಟ್ಟೆ ಸುತ್ತಿ. ಈ ಗಿಟಾರ್ ಮೇಲಿನ ಮೆರುಗು ಲೇಪವಾದ ನೈಟ್ರೊಸೆಲ್ಯುಲೋಸ್ ಲ್ಯಾಕರ್‌ಗೆ ರಬ್ಬರ್ ತಾಗುತ್ತಲೇ ಇದ್ದರೆ ಮೆತ್ತಗಾಗಿ ಕಲೆ ಉಳಿಯುತ್ತದೆ.