ಹಡಗಿನ ಊಟದ ಮನೆಗೆ ಸೇರಿದ್ದು: ಕಾಗದಪತ್ರ ಮತ್ತು ಮೊದಲ ದಿನಗಳು

ಮೈಸೂರಿನ ಹೋಟೆಲೊಂದರಲ್ಲಿ ಸ್ಟೂವರ್ಡ್ ಆಗಿದ್ದ ನಾನು ಅಮೆರಿಕದ ಬಂದರಿನಿಂದ ಹೊರಡುವ ಪ್ರವಾಸಿ ಹಡಗಿಗೆ ಸಹಾಯಕ ವೇಟರ್ ಆಗಿ ಸೇರಿದೆ. ಮಂಡ್ಯ ಕಡೆಯ ಹಳ್ಳಿಗಳಿಂದ ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಸಂಬಳವನ್ನು. ಆದರೆ ತಿಳಿದುಕೊಂಡು ಹೋಗಬೇಕಾದದ್ದು ಬೇರೆಯೇ ಇದೆ.

ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ವ್ಯವಸ್ಥೆ 2017ರ ಜನವರಿಯಲ್ಲಿ ಮೊಟ್ಟಮೊದಲಿಗೆ ಆರಂಭವಾದ ಊರುಗಳಲ್ಲಿ ಮೈಸೂರೂ ಒಂದಾದ್ದರಿಂದ ಆ ಕೆಲಸ ಇಲ್ಲಿಯೇ ಮುಗಿಯಿತು. ನಾವಿಕರ ಗುರುತಿನ ಇಂಡೋಸ್ ಸಂಖ್ಯೆ, ಹಡಗಿನ ಸೇವೆಯನ್ನು ದಾಖಲಿಸುವ ನಾವಿಕರ ಪುಸ್ತಕವಾದ ಸಿಡಿಸಿ, ಹಡಗು ಇಲಾಖೆ ಮಾನ್ಯ ಮಾಡಿದ ವೈದ್ಯರ ತಪಾಸಣೆ, ಚೆನ್ನೈಯ ಅಮೆರಿಕ ದೂತಾವಾಸದಲ್ಲಿ ಹಡಗು ಸಿಬ್ಬಂದಿಗೆ ಕೊಡುವ ಸಿ-1/ಡಿ ವೀಸಾ ಇವೆಲ್ಲಕ್ಕೂ ಅಲೆಯಲೇಬೇಕು. ನಾವಿಕರಿಗೆ ಕಡ್ಡಾಯವಾದ ಎಸ್‌ಟಿಸಿಡಬ್ಲ್ಯು ಎಂಬ ಸುರಕ್ಷತೆಯ ಮೂಲ ತರಬೇತಿಯನ್ನು ಮುಂಬೈಯಲ್ಲಿ ಮುಗಿಸಿದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತವನಿಗೂ ಲೈಫ್‌ಜಾಕೆಟ್ ತೊಟ್ಟು ಎತ್ತರದಿಂದ ನೀರಿಗಿಳಿಯುವುದು ಹೊಸ ವಿದ್ಯೆಯೇ: ಒಂದು ಕೈಯಿಂದ ಮೂಗು ಬಾಯಿ ಮುಚ್ಚಿ, ಇನ್ನೊಂದರಿಂದ ಜಾಕೆಟ್ಟನ್ನು ಕೆಳಕ್ಕೆ ಒತ್ತಿ ಹಿಡಿದು, ದೃಷ್ಟಿಯನ್ನು ಮುಂದಕ್ಕೆ ನೆಟ್ಟು, ಕಾಲು ಜೋಡಿಸಿ ಬೀಳಬೇಕು, ಇಲ್ಲದಿದ್ದರೆ ನೀರು ತಾಗಿದೊಡನೆ ಜಾಕೆಟ್ ಮೇಲಕ್ಕೆದ್ದು ಗದ್ದಕ್ಕೆ ಪೆಟ್ಟಾಗುತ್ತದೆ.

ಏಜೆಂಟರ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ನಾವಿಕರನ್ನು ನೇಮಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಎಂಬ ಸರ್ಕಾರಿ ನೇಮಕಾತಿ ಪರವಾನಗಿ ಇರಬೇಕು, ಅದನ್ನು ಹಡಗು ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಬಹುದು. 2006ರ ಕಡಲ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಪಾಸ್‌ಪೋರ್ಟ್, ಸಿಡಿಸಿ, ವೈದ್ಯಕೀಯ ಪ್ರಮಾಣಪತ್ರಗಳ ಖರ್ಚು ನಮ್ಮದಾಗಬಹುದೇ ಹೊರತು ಕೆಲಸ ಕೊಡಿಸಿದ್ದಕ್ಕೆಂದು ನಮ್ಮಿಂದ ಹಣ ಪಡೆಯುವಂತಿಲ್ಲ. ಕಬ್ಬಿನ ಬಿಲ್ಲಿಗಾಗಿ ಕಾದು ಕುಳಿತ ಮನೆಯಿಂದ ಲಕ್ಷ ಕೇಳುವವನು ದಲ್ಲಾಳಿಯೇ ಸರಿ, ಅವನ ಕಚೇರಿ ಎಷ್ಟೇ ಚೆಂದವಿರಲಿ.

ಹಡಗು ಹತ್ತಿದೊಡನೆ ಪಾಸ್‌ಪೋರ್ಟನ್ನು ಕಚೇರಿಗೆ ಒಪ್ಪಿಸಿ, ತುರ್ತು ಕರ್ತವ್ಯದ ಸಂಖ್ಯೆಯಿದ್ದ ಕಾರ್ಡನ್ನು ಪಡೆದೆ. ತಟ್ಟೆ ಹಿಡಿಯುವುದಕ್ಕೆ ಮೊದಲು ಕಲಿತದ್ದು ಏಳು ಕಿರು ಸದ್ದು, ಒಂದು ದೀರ್ಘ ಸದ್ದಿನ ಅಪಾಯ ಸೂಚನೆಯನ್ನು ಮತ್ತು ಆಗ ನಾನು ನಿಲ್ಲಬೇಕಾದ ಜಾಗವನ್ನು. 2012ರಲ್ಲಿ ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಮಗುಚಿದ ನಂತರ ಬಿಗಿಯಾದ ನಿಯಮದಂತೆ, ಪ್ರಯಾಣಿಕರಿಗೆ ಅಪಾಯದ ಹೊತ್ತಿನ ಈ ತಾಲೀಮನ್ನು ಹಡಗು ಹೊರಡುವ ಮೊದಲು ಅಥವಾ ಹೊರಟೊಡನೆ ಮಾಡಿಸಲೇಬೇಕು. ಅಲ್ಲಿ ಜಾಕೆಟ್ ಕಟ್ಟಿ ತೋರಿಸುವವರಲ್ಲಿ ನಾನೂ ಒಬ್ಬ. ಬಡಿಸುವ ಕೌಶಲವನ್ನೇ ನೆಚ್ಚಿಕೊಂಡು ಬಂದವರಿಗೆ ಇದು ಸಮಯ ವ್ಯರ್ಥವೆನಿಸುತ್ತದೆ. ಮೇಲಧಿಕಾರಿಗಳು ಹೊಸಬರನ್ನು ಅಳೆಯುವುದು ಮಾತ್ರ ಇದರಲ್ಲಿಯೇ.

ಅಡುಗೆಮನೆಯ ಭಯವೆಂದರೆ ಅಮೆರಿಕದ ಆರೋಗ್ಯ ಅಧಿಕಾರಿಗಳ ದಿಢೀರ್ ತಪಾಸಣೆ; ನೂರಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಹಡಗು ಅನುತ್ತೀರ್ಣ. ತಣ್ಣನೆಯ ಪದಾರ್ಥ 5 ಡಿಗ್ರಿ ಸೆಲ್ಸಿಯಸ್‌ನೊಳಗೆ, ಬಿಸಿಯದು 57ರ ಮೇಲೆ ಇರಬೇಕು. ನೊರೊವೈರಸ್ ಹರಡುವ ಭಯದಿಂದಾಗಿ ವಾಂತಿಭೇದಿಯನ್ನು ಮುಚ್ಚಿಡುವುದು ದೊಡ್ಡ ಅಪರಾಧ. ಆಹಾರ ಮುಟ್ಟುವವರು ಲಕ್ಷಣ ನಿಂತ ಮೇಲೂ ಕನಿಷ್ಠ 48 ಗಂಟೆ ಪ್ರತ್ಯೇಕವಾಗಿರಬೇಕು. ಸ್ಯಾನಿಟೈಸರ್ ಸಾಲದು, ಸೋಪು ಹಚ್ಚಿ ತೊಳೆಯಬೇಕು ಎಂಬುದನ್ನು ಅಲ್ಲಿ ಬೇಸರ ಬರುವಷ್ಟು ಹೇಳುತ್ತಾರೆ, ಮತ್ತು ಅದು ಸರಿ.

ನಿದ್ದೆಯೇ ಕಷ್ಟದ ಪಾಠ. 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿಯೆಂದು ನಿಯಮವಿದ್ದರೂ ಆ ಹತ್ತನ್ನು ಎರಡು ತುಂಡು ಮಾಡಬಹುದು, ಒಂದು ತುಂಡು 6 ಗಂಟೆಯಾದರೂ ಇದ್ದರೆ ಸಾಕು. ಇಬ್ಬರು ಹಂಚಿಕೊಂಡ ನಮ್ಮ ಕ್ಯಾಬಿನ್ನಿಗೆ ಕಿಟಕಿಯಿರಲಿಲ್ಲವಾದ್ದರಿಂದ ಹಗಲೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಆದ್ದರಿಂದ ಆರಂಭದಲ್ಲಿ ಬಂದರು ಬಂದಾಗಲೆಲ್ಲ ಊರು ನೋಡಲು ಇಳಿಯದೆ ಮಧ್ಯಾಹ್ನದ ಬಿಡುವಿನಲ್ಲಿ ಮಲಗಿದೆ, ಜೊತೆಯವರು ನಕ್ಕರು. ಫಿಲಿಪ್ಪೀನ್ಸ್‌ನವರೂ ನಮ್ಮವರೂ ಹೆಚ್ಚಿರುವುದರಿಂದ ಸಿಬ್ಬಂದಿಯ ಊಟದಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಮುದ್ದೆಯ ಆಸೆಯನ್ನು ರಜೆಗೆಂದು ಮುಂದೂಡಿದೆ.

ಒಪ್ಪಂದ ಮುಗಿಸಿ ಇಳಿಯುವಾಗ ಸಿಡಿಸಿಯಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕಗಳು ಸರಿಯಾಗಿ ನಮೂದಾಗಿವೆಯೇ ಎಂದು ನೋಡಿಕೊಂಡೇ ಗ್ಯಾಂಗ್‌ವೇ ದಾಟಬೇಕು, ಏಕೆಂದರೆ ವಿದೇಶಿ ಯಾನದ ನಾವಿಕನ ಆದಾಯ ತೆರಿಗೆಯಲ್ಲಿ ಭಾರತದ ಹೊರಗಿದ್ದ ದಿನಗಳನ್ನು ಎಣಿಸುವುದು ಆ ದಿನಾಂಕಗಳಿಂದಲೇ.